ಸಂಘದವರು ತೆಗೆದುಕೊಟ್ಟ ಮದುವೆಗಳು

ಆಷಾಢ ಕಳೆಯಲು ಇನ್ನೊಂದು ವಾರವಿದ್ದಾಗ ವನಿತಾಳ ಬಲಗೈ ಮುರಿಯಿತು.

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದು ಸ್ವಲ್ಪ ದೂರ ಹೋದರೆ ಎರಡೂ ಬದಿಗೆ ಸೂರ್ಯಕಾಂತಿ ಹೊಲಗಳು. ಮದುವೆ ಗೊತ್ತಾಗಿದ್ದ ಒಂದು ಜೋಡಿಯನ್ನು ಹೂವುಗಳ ನಡುವೆ ನಿಲ್ಲಿಸಿ, ಅವಳು ಕ್ಯಾಮೆರಾವನ್ನು ಕಣ್ಣಿಗೆ ಒತ್ತಿಕೊಂಡು ಬದುವಿನ ಮೇಲೆ ಹಿಂದಹಿಂದಕ್ಕೆ ಸರಿಯುತ್ತಿದ್ದಳು. ಸಂಜೆಯ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಹುಡುಗನ ಹೆಗಲ ಮೇಲೆ ಹಳದಿ ಚಿಟ್ಟೆಯೊಂದು ಬಂದು ಕೂತಿತು. ಅದು ಹಾರಿಹೋಗುವುದರೊಳಗೆ ಹಿಂದಿನ ಬೆಟ್ಟದ ಸಾಲೂ ಸೇರಿ ಚಿತ್ರ ಸಿಗಲಿ ಎಂದು ಇನ್ನೊಂದು ಹೆಜ್ಜೆ ಹಿಂದಿಟ್ಟಳು. ಅಲ್ಲಿ ಬದು ಮುಗಿದಿತ್ತು.

ಬೀಳುವಾಗ ಅವಳು ಎಡಗೈಯಲ್ಲಿ ಕ್ಯಾಮೆರಾವನ್ನು ಎತ್ತಿ ಹಿಡಿದಿದ್ದಳಂತೆ. ಕ್ಯಾಮೆರಾಕ್ಕೆ ಮಣ್ಣು ಕೂಡ ತಾಗಲಿಲ್ಲ. ಬಲಗೈ ಮಾತ್ರ ಅವಳ ಮೈಯ ಅಡಿಗೆ ಸಿಕ್ಕಿಕೊಂಡಿತು. ಮೊದಲಿಗೆ ನೋವೇ ತಿಳಿಯಲಿಲ್ಲ. ಮೇಲೆ ಆಕಾಶ ಕಾಣುತ್ತಿತ್ತು, ಸುತ್ತಲೂ ಸೂರ್ಯಕಾಂತಿಗಳು ತಲೆ ಬಗ್ಗಿಸಿ ಅವಳನ್ನೇ ನೋಡುತ್ತಿದ್ದವು. ಹೂವಿನ ಅಡಿಭಾಗ ಇಷ್ಟು ಹಸುರಾಗಿರುತ್ತದೆ ಎಂದು ಯಾವತ್ತೂ ಗಮನಿಸಿರಲಿಲ್ಲವಲ್ಲ ಎಂದುಕೊಳ್ಳುತ್ತಾ ಅವಳು ಸುಮ್ಮನೆ ಮಲಗಿದ್ದಳು. ಆಮೇಲೆ, ರಸ್ತೆ ಬದಿ ಛತ್ರಿ ಕೆಳಗೆ ಕೂತು ಫೋಟೋ ತೆಗೆಸಿಕೊಳ್ಳುವವರ ಹತ್ತಿರ ದುಡ್ಡು ಇಸಿದುಕೊಳ್ಳುತ್ತಿದ್ದ ಹೊಲದ ಯಜಮಾನ ಓಡಿಬಂದ.

"ಅಯ್ಯೋ, ಬಿದ್ದೋಗ್ಬುಟ್ಲಲ್ಲಪ್ಪ! ಎತ್ರಪ್ಪ, ಎತ್ರಿ!"

ಅವನು ಎತ್ತಲು ಬಲಗೈ ಹಿಡಿದಾಗಲೇ ನೋವು ಬಂದಿದ್ದು.

ಆಸ್ಪತ್ರೆಯಲ್ಲಿ ಮೊಣಕೈವರೆಗೆ ಸಿಮೆಂಟು ಪಟ್ಟಿ ಹಾಕಿದರು. ಎರಡು ತಿಂಗಳು ಈ ಕೈಯಲ್ಲಿ ಒಂದು ಲೋಟ ಕೂಡ ಎತ್ತಬೇಡಿ ಎಂದರು ಡಾಕ್ಟರು. ವನಿತಾ ಕೇಳಿದ್ದು ಒಂದೇ ಮಾತು: "ಬೆರಳು ಒತ್ತಬಹುದಾ ಸಾರ್?" ಡಾಕ್ಟರಿಗೆ ಅರ್ಥವಾಗಲಿಲ್ಲ. ತೋರುಬೆರಳಿಂದ ಕ್ಯಾಮೆರಾ ಒತ್ತುವ ಹಾಗೆ ಮಾಡಲು ಹೋದಳು. ಬೆರಳು ಅಲುಗಲಿಲ್ಲ.

ವನಿತಾ ಉಮ್ಮತ್ತೂರಿನವಳು. ತಂದೆ ನಿಂಗಯ್ಯ, ತಾಯಿ ಮಾದಮ್ಮ ಇಬ್ಬರೂ ತಮ್ಮ ತುಂಡು ಹೊಲದ ಜೊತೆಗೆ ಕಂಡವರ ಹೊಲದಲ್ಲೂ ದುಡಿದು ಅವಳನ್ನು ಓದಿಸಿದ್ದರು. ಪಿಯುಸಿ ಮುಗಿಸಿ ಚಾಮರಾಜನಗರದ ಒಂದು ಸ್ಟುಡಿಯೋದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಕೆಲಸಕ್ಕೆ ಸೇರಿ, ಅಲ್ಲೇ ಕ್ಯಾಮೆರಾ ಕಲಿತಳು. ತಂದೆ ತೀರಿಕೊಂಡ ಮೇಲೆ ಅವ್ವನನ್ನು ಕರೆದುಕೊಂಡು ಗುಂಡ್ಲುಪೇಟೆಗೆ ಬಂದು, ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಮಳಿಗೆ ಹಿಡಿದಳು. ಮುಂದೆ ಸ್ಟುಡಿಯೋ, ಹಿಂದೆ ಇಬ್ಬರಿಗಾಗುವಷ್ಟು ಮನೆ. ಹೆಣ್ಣುಮಗಳು ಮದುವೆ ಫೋಟೋ ತೆಗೆಯುತ್ತಾಳೆ ಎಂದು ಮೊದಮೊದಲು ನೋಡಲಿಕ್ಕೇ ಜನ ಬರುತ್ತಿದ್ದರು. ಆಮೇಲೆ ಕೆಲಸಕ್ಕೂ ಬಂದರು.

ಜಿಲ್ಲೆಯ ಫೋಟೋಗ್ರಾಫರುಗಳ ಸಂಘಕ್ಕೆ ಅವಳು ಸೇರಿದ್ದು ಹಿಂದಿನ ವರ್ಷ, ಅದೂ ಒಂದು ಸಣ್ಣ ಆಸೆಗೆ. ಕ್ಯಾಮೆರಾ ಕಂಪನಿಯವರು ಚಾಮರಾಜನಗರಕ್ಕೆ ಬಂದು ಸಂಘದ ಸದಸ್ಯರ ಕ್ಯಾಮೆರಾಗಳನ್ನು ಪುಕ್ಕಟೆ ಶುಚಿ ಮಾಡಿಕೊಡುತ್ತಾರೆ ಎಂದು ಯಾರೋ ಹೇಳಿದ್ದರು. ಮೈಸೂರಿಗೆ ಒಯ್ದು ಮಾಡಿಸಿದರೆ ಆಗುವ ಖರ್ಚಿಗಿಂತ ಸಂಘದ ಚಂದಾ ಕಡಿಮೆ. ಲೆಕ್ಕ ಸರಿಯಾಗಿತ್ತು, ಸೇರಿದಳು. ಗುರುತಿನ ಚೀಟಿಯೊಂದು ಬಂತು. ಅದನ್ನು ಸ್ಟುಡಿಯೋದ ಮೊಳೆಗೆ ನೇತುಹಾಕಿ ಮರೆತಳು. ಸಭೆಗೆಂದು ಒಮ್ಮೆ ಹೋಗಿದ್ದಾಗ ಗಂಡಸರೆಲ್ಲ ಡ್ರೋನ್ ವಿಷಯ ಮಾತಾಡಿ ಕಾಫಿ ಕುಡಿದು ಎದ್ದಿದ್ದರು.

ಈಗ ಶ್ರಾವಣ ಬರುತ್ತಿತ್ತು. ಆಷಾಢ ಪೂರ್ತಿ ಕಾದಿದ್ದ ಮದುವೆಗಳೆಲ್ಲ ಒಟ್ಟಿಗೆ ಬರುವ ಕಾಲ. ವನಿತಾ ಐದು ಮದುವೆ ಒಪ್ಪಿಕೊಂಡಿದ್ದಳು. ಮುಂಗಡವಾಗಿ ಬಂದ ಹಣ ಆಗಲೇ ಹೊಸ ಲೆನ್ಸ್ ಆಗಿ ಬೀರುವಿನಲ್ಲಿ ಕೂತಿತ್ತು.

ನೋವಿನ ಮಾತ್ರೆ ನುಂಗಿದರೆ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಸ್ಥಿತಿಗೆ ಜಾರುತ್ತಿದ್ದಳು. ಹಗಲೇ ಕನಸು. ಒಂದು ಚಪ್ಪರ, ಅದರ ತುಂಬ ಜನ, ವಾಲಗ ಊದುತ್ತಿದ್ದಾರೆ, ಸದ್ದಿಲ್ಲ. ಧಾರೆಗೆ ನಿಂತವರು ಯಾರನ್ನೋ ಕಾಯುತ್ತಿದ್ದಾರೆ. ಫೋಟೋದವರು ಬರಲಿ, ಆಮೇಲೆ ತಾಳಿ ಕಟ್ಟೋಣ ಎನ್ನುತ್ತಾರೆ. ಚಪ್ಪರದ ಬಾಳೆಕಂದು ಬಾಡುತ್ತದೆ, ಮಳೆ ಬಂದು ನಿಲ್ಲುತ್ತದೆ, ಮದುವೆ ಹೆಣ್ಣಿನ ಕೈಯ ಗೋರಂಟಿ ಮಾಸುತ್ತದೆ, ಅವರು ಕಾಯುತ್ತಲೇ ಇದ್ದಾರೆ. ಎಚ್ಚರಾದಾಗ ಕಿಟಕಿಯಾಚೆ ಕೇರಳದ ಕಡೆ ಹೋಗುವ ತರಕಾರಿ ಲಾರಿಗಳು ಸಾಲಾಗಿ ನಿಂತಿರುತ್ತಿದ್ದವು.

ನಾಲ್ಕನೇ ದಿನ ಅವ್ವನನ್ನು ಕರೆದಳು. "ಅವ್ವಾ, ಫೋನ್ ಕೊಡು. ಮದ್ವೆ ಮನೆಯೋರ್ಗೆಲ್ಲ ಆಗಲ್ಲ ಅಂತ ಏಳ್ಬುಡ್ತೀನಿ. ಲೆನ್ಸ್ ಮಾರಿ ಅಡ್ವಾನ್ಸ್ ವಾಪಸ್ ಕೊಡನ."

"ತಡ್ಕೊಮ್ಮಿ," ಎಂದಳು ಮಾದಮ್ಮ. "ಯಾರೋ ಬಂದವ್ರೆ ಮುಂದ್ಕಡೆ."

ಬಂದಿದ್ದವನು ಸೋಮಶೇಖರ್, ಸಂಘದ ಅಧ್ಯಕ್ಷ. ಚಾಮರಾಜನಗರದಲ್ಲಿ ದೊಡ್ಡ ಸ್ಟುಡಿಯೋ, ಐವತ್ತರ ಆಸುಪಾಸಿನ ದಪ್ಪ ಮನುಷ್ಯ. ಒಂದು ಚಿಪ್ಪು ಏಲಕ್ಕಿ ಬಾಳೆಹಣ್ಣನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಕೂತ.

"ಐದು ಮದ್ವೆ ಅದಂತಲ್ಲಮ್ಮ ನಿಂಗೆ?"

"ಇತ್ತು ಅಣ್ಣ. ಈಗ ಬುಟ್ಬುಡ್ತಾ ಇವ್ನಿ."

"ಯಾಕ್ ಬುಡ್ತೀಯ? ತಾರೀಕು, ಊರು ಏಳು. ಯಾರ್ ಯಾರು ಓಗ್ಬೇಕು ಅಂತ ನಾವು ನೋಡ್ಕತೀವಿ. ಬಸ್ ಚಾರ್ಜು, ಊಟ ಮದ್ವೆ ಮನೇದು. ಮಿಕ್ಕಿದ್ದು ಪೂರ್ತಿ ನಿಂದು."

ವನಿತಾ ಅವನ ಮುಖವನ್ನೇ ನೋಡಿದಳು. ಮಾತ್ರೆಯ ಮಂಪರಿನಲ್ಲಿ ತಾನು ತಪ್ಪು ಕೇಳಿಸಿಕೊಂಡೆನೇನೋ ಅನ್ನಿಸಿತು.

"ಯಾಕಣ್ಣ? ನಾನು ಯಾರಿಗೂ ಏನೂ ಮಾಡಿಲ್ವಲ್ಲ. ಧರ್ಮಕ್ಕೆ ನಂಗೆ ಬೇಡ."

"ಧರ್ಮ ಯಾರ್ ಮಾಡ್ತಾವ್ರಮ್ಮಿ?" ಸೋಮಶೇಖರ್ ನಕ್ಕ. "ನೀನು ಆಗಲ್ಲ ಅಂದ್ರೆ ಆ ಮನೆಯೋರು ಗಾಬ್ರೀಲಿ ಯಾವನ್ನೋ ಹಿಡ್ಕತಾರೆ. ಅವ್ನು ಅರ್ಧ ರೇಟ್ಗೆ ಬತ್ತಾನೆ. ಆ ರೇಟು ಊರೆಲ್ಲ ಗೊತ್ತಾಯ್ತದೆ. ನಾಳೆ ನನ್ ಅಂಗ್ಡಿಗೆ ಬಂದೋರು, ಅವನ್ಯಾರೋ ಇಷ್ಟಕ್ಕೇ ತೆಗ್ದ ಕಣಯ್ಯ ಅಂತಾರೆ. ನಷ್ಟ ಯಾರ್ಗೆ? ನಂಗೆ. ಅದ್ಕೇ ಬಂದಿವ್ನಿ. ಇನ್ನೊಂದು, ನೀನು ಕಟ್ಟಿರೋ ಚಂದಾದಲ್ಲಿ ಎಲ್ಲಾರ ಹೆಸ್ರಲ್ಲೂ ಆಕ್ಸಿಡೆಂಟ್ ಇನ್ಶೂರೆನ್ಸ್ ಮಾಡ್ಸಿವಿ. ಆಸ್ಪತ್ರೆ ಬಿಲ್ಲು ಇಟ್ಕೊಂಡಿದ್ದೀಯ ತಾನೆ?"

ಅವಳಿಗೆ ಆ ವಿಷಯವೇ ಗೊತ್ತಿರಲಿಲ್ಲ.

ಅವನು ಹೋದ ಮೇಲೆ ಮಾದಮ್ಮ ಬಾಳೆಹಣ್ಣು ಸುಲಿದು ಕೈಗಿಟ್ಟಳು.

"ಇಸ್ಕೊಬೋದಾ ಅವ್ವಾ?"

"ಮುಯ್ಯಾಳು ಕಣಮ್ಮಿ ಇದು," ಎಂದಳು ಮಾದಮ್ಮ, ಇದರಲ್ಲಿ ಕೇಳುವುದೇನಿದೆ ಎಂಬಂತೆ. "ಕಳೆ ಕೀಳಾಕೆ ನಮ್ಮೊಲಕ್ಕೆ ಅವ್ರು ಬರೋರು, ಅವ್ರೊಲಕ್ಕೆ ನಾವು ಓಗೋವು. ನೀನು ಒಟ್ಟೇಲಿದ್ದಾಗ ನಾನು ಎಷ್ಟ್ ದಿನ ಕೂತಿದ್ದೆ? ನನ್ ಸಾಲು ಯಾರ್ಯಾರೋ ಕಿತ್ತವ್ರೆ. ಸುಮ್ಕೆ ತಿನ್ನು."

ಶ್ರಾವಣ ಬಂತು. ವನಿತಾಳ ಮದುವೆಗಳು ಅವಳಿಲ್ಲದೆ ನಡೆಯತೊಡಗಿದವು.

ಮದುವೆ ಮುಗಿದ ಮಾರನೇ ದಿನ ಚಾಮರಾಜನಗರದ ಬಸ್ಸಿನ ಕಂಡಕ್ಟರ ಕೈಯಲ್ಲಿ ಒಂದು ಪುಟ್ಟ ಡಬ್ಬಿ ಬರುತ್ತಿತ್ತು. ಅದರೊಳಗೆ ಹತ್ತಿಯಲ್ಲಿ ಸುತ್ತಿದ ಮೆಮೊರಿ ಕಾರ್ಡು. ಮಾದಮ್ಮ ಬಸ್ ಸ್ಟ್ಯಾಂಡಿಗೆ ಹೋಗಿ ಇಸಿದುಕೊಂಡು ಬರುತ್ತಿದ್ದಳು. ವನಿತಾ ಎಡಗೈಯಲ್ಲಿ ಕಂಪ್ಯೂಟರಿನ ಮೌಸ್ ಹಿಡಿದು, ಒಂದೊಂದೇ ಚಿತ್ರ ತೆರೆಯುತ್ತಿದ್ದಳು. ಆಲ್ಬಂ ಮಾಡುವುದಾದರೂ ತನ್ನ ಕೈಯಲ್ಲೇ ಆಗಲಿ ಎಂದು ಹಟ ಹಿಡಿದಿದ್ದಳು.

ಹೊರಗೆ ಜಿಟಿಜಿಟಿ ಮಳೆ. ಒಳಗೆ ಪರದೆ ಎಳೆದ ಕೋಣೆಯಲ್ಲಿ ಅವಳು ಕಾಣದ ಮದುವೆ ಬಿಚ್ಚಿಕೊಳ್ಳುತ್ತಿತ್ತು. ಮೊದಲ ಎರಡು ಮದುವೆ ತೆಗೆದವನು ಸಂಘದ ಶಿವಶಂಕರ. ಅವನಿಗೆ ಕೈಗಳೆಂದರೆ ಇಷ್ಟವೆಂದು ತೋರುತ್ತದೆ. ಅರಿಶಿನ ಕಲೆಸುವ ಕೈ, ಎಲೆ ಮೇಲೆ ಉಪ್ಪು ಬಡಿಸುವ ಕೈ, ಮಗಳ ಕೈಯನ್ನು ಬಿಡಲಾರದೆ ಬಿಟ್ಟ ತಂದೆಯ ಕೈ. ತಾನಾಗಿದ್ದರೆ ಎಲ್ಲರ ಮುಖಕ್ಕೇ ಅಂಟಿಕೊಂಡಿರುತ್ತಿದ್ದೆ ಎಂದುಕೊಂಡಳು. ಇನ್ನೊಂದು ಮದುವೆ ತೆಗೆದವನು ದೂರ ನಿಂತೇ ನೋಡುವವನು. ಅವನ ಚಿತ್ರಗಳಲ್ಲಿ ಮದುವೆ ಒಂದು ಮೂಲೆಯಲ್ಲಿ ನಡೆಯುತ್ತಿತ್ತು, ಉಳಿದ ಜಾಗದ ತುಂಬ ಮಳೆಯ ನೀರು ನಿಂತ ಅಂಗಳ, ಅದರಲ್ಲಿ ತಲೆಕೆಳಗಾದ ಚಪ್ಪರ.

ದಿನಗಟ್ಟಲೆ ಆ ಚಿತ್ರಗಳೊಳಗೇ ಇದ್ದಳು. ಎಂದೂ ಮಾತಾಡಿಸದ ಆ ಜನರ ಹೆಸರು ತಿಳಿಯದೆ, ತಾನೇ ಅವರಿಗೆ ಹೆಸರಿಟ್ಟುಕೊಂಡಳು. ನಿದ್ದೆಯಲ್ಲಿ ಅವರು ಬಂದು ಊಟ ಮಾಡಿದೆಯಾ ಎಂದು ಕೇಳುತ್ತಿದ್ದರು. ಒಂದು ಮಧ್ಯಾಹ್ನ ಎದ್ದವಳೇ, "ಅವ್ವಾ, ಆ ನೀಲಿ ಸೀರೆ ಅಜ್ಜಿ ಓದ್ರಾ?" ಎಂದು ಕೇಳಿ ಮಾದಮ್ಮನನ್ನು ಗಾಬರಿಪಡಿಸಿದಳು.

ನಾಲ್ಕನೇ ಮದುವೆ ಹರವೆಯದು. ಆ ಮದುವೆಗೆ ಎರಡು ದಿನ ಇರುವಾಗ ಮದುವೆ ಹೆಣ್ಣು ದಾನೇಶ್ವರಿ ಫೋನ್ ಮಾಡಿದಳು.

"ಅಕ್ಕ, ಬೇರೆ ಯಾರೋ ಬತ್ತಾರೆ ಅಂತ ಅಪ್ಪ ಅಂದ್ರು. ನಂಗೆ ನೀವೇ ಬೇಕು. ಕ್ಯಾಮೆರಾ ಕಂಡ್ರೆ ನನ್ ಮುಖ ಮರ ಆಯ್ತದೆ ಅಂತ ನಿಮ್ಗೆ ಏಳಿದ್ನಲ್ಲ. ಎಂಗೇಜ್‌ಮೆಂಟ್ ಫೋಟೋ ನೋಡಿ ಎಲ್ಲಾರೂ, ಏನಮ್ಮಿ ಈ ಸಂಬಂಧ ಇಷ್ಟ ಇರ್ಲಿಲ್ವಾ ಅಂತ ಕೇಳ್ತಾವ್ರೆ." ಅವಳು ದನಿ ತಗ್ಗಿಸಿದಳು. "ಅಲಂಕಾರ ಮಾಡೋ ರೂಮಿಗೆ ಗಂಡಸ್ರನ್ನ ನಮ್ಮಜ್ಜಿ ಬುಡದೂ ಇಲ್ಲ."

"ನನ್ ಕೈ ಮುರ್ದದೆ ದಾನೇಶ್ವರಿ."

"ಗೊತ್ತು ಅಕ್ಕ. ಸುಮ್ನೆ ಬಂದು ನನ್ ಪಕ್ಕ ಕೂತ್ಕೊಳ್ಳಿ."

ಹಾಗೆ ವನಿತಾ ಮದುವೆಯ ಹಿಂದಿನ ಸಂಜೆ ಹರವೆಗೆ ಹೋದಳು, ಕುತ್ತಿಗೆಗೆ ಕಟ್ಟಿದ ಬಟ್ಟೆಯಲ್ಲಿ ಕೈ ತೂಗುಬಿಟ್ಟುಕೊಂಡು. ಸಂಘದಿಂದ ಬಂದಿದ್ದವರು ಚಿಕ್ಕಮಲ್ಲಪ್ಪ. ಎಪ್ಪತ್ತರ ಹತ್ತಿರದ ಮುದುಕರು, ಹಣೆ ತುಂಬ ವಿಭೂತಿ, ಅಡ್ಡಲಾಗಿ ಹಾಕಿದ ಹಳೆಯ ಚರ್ಮದ ಚೀಲ. ಚಾಮರಾಜನಗರದಲ್ಲಿ ಈಗ ಪಾಸ್‌ಪೋರ್ಟ್ ಫೋಟೋ ತೆಗೆದುಕೊಂಡು ಕೂತಿರುವ ಅವರನ್ನು ಅವಳು ದೂರದಿಂದ ಕಂಡಿದ್ದಳು ಅಷ್ಟೆ. ಇವರು ಬೆಳಗಿನ ತನಕ ನಿಲ್ಲುತ್ತಾರೆಯೇ ಎಂದು ಅವಳಿಗೆ ಅನುಮಾನ.

ಬೆಳಕು ಹರಿಯುತ್ತಿದ್ದ ಹಾಗೆ ಅಲಂಕಾರದ ಕೋಣೆಯ ಬಾಗಿಲಲ್ಲಿ ಅಜ್ಜಿ ಕರಿಬಸಮ್ಮ ಕಂಬದಂತೆ ನಿಂತಿದ್ದರು.

"ಎಣ್ಣುಮಕ್ಳು ಮಾತ್ರ. ನೀವು ಆ ಕಡೆ ಕಾಫಿ ಕುಡೀರಿ ಸ್ವಾಮಿ."

ಚಿಕ್ಕಮಲ್ಲಪ್ಪ ವಾದ ಮಾಡಲಿಲ್ಲ. "ಸರಿ ತಾಯಿ, ನಿಮ್ಮನೆ ಎಣ್ಣು, ನಿಮ್ಮ ಮಾತು," ಎಂದು ವನಿತಾಳ ಕಡೆ ತಿರುಗಿದರು. "ಮಗ, ಎಡಗೈ ಎಬ್ಬೆಟ್ಟು ಚೆನ್ನಾಗದಾ?"

"ಅದೆ ಅಪ್ಪಾಜಿ. ಯಾಕೆ?"

ಅವರು ಕೋಣೆ ಇನ್ನೂ ಖಾಲಿಯಿದ್ದಾಗಲೇ ಅಜ್ಜಿಯ ಅಪ್ಪಣೆ ಪಡೆದು ಒಳಗೆ ಹೋಗಿ, ಕಿಟಕಿಯ ಬೆಳಕು ಬೀಳುವ ಕಡೆ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿದರು. ಹೆಣ್ಣು ಕೂರುವ ಜಾಗದಲ್ಲಿ ಒಂದು ತಲೆದಿಂಬು ಇಟ್ಟು ಅಳತೆ ನೋಡಿದರು. ಬೆಂಕಿಪೊಟ್ಟಣದಷ್ಟು ದೊಡ್ಡ ರಿಮೋಟೊಂದನ್ನು ವನಿತಾಳ ಎಡಗೈಗೆ ಕೊಟ್ಟರು.

"ಕ್ಯಾಮೆರಾನ ಮರ್ತ್ಬುಡು. ಅದು ಅದ್ರ ಪಾಡಿಗೆ ಇರ್ಲಿ. ನೀನು ಅದ್ರ ಪಕ್ಕ ಚಾಪೆ ಮೇಲೆ ಕೂತ್ಕೊಂಡು ಆ ಉಡುಗಿ ಜೊತೆ ಮಾತಾಡು. ಚೆನ್ನಾಗದೆ ಅನ್ಸಿದಾಗ ಒತ್ತು."

ದಾನೇಶ್ವರಿ ಬಂದು ಕೂತಳು. ಅವಳ ಅಕ್ಕಂದಿರು ಜಡೆ ಹೆಣೆಯಲು ಶುರು ಮಾಡಿದರು. ವನಿತಾ ಚಾಪೆಯ ಮೇಲೆ ಗೋಡೆಗೊರಗಿ ಕೂತಳು. ಇಷ್ಟು ವರ್ಷ ಎಷ್ಟೋ ಮದುವೆ ಹೆಣ್ಣುಗಳನ್ನು ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಸಣ್ಣ ಕಿಂಡಿಗೆ ಒತ್ತಿ ನೋಡಿದ್ದಳು. ಎರಡೂ ಕಣ್ಣು ಬಿಟ್ಟು ನೋಡುತ್ತಿರುವುದು ಇದೇ ಮೊದಲು. ಕೋಣೆ ತುಂಬ ಮಲ್ಲಿಗೆಯ, ಸಾಂಬ್ರಾಣಿಯ ವಾಸನೆ. ಕಿಟಕಿಯ ಬೆಳಕಿನಲ್ಲಿ ಪೌಡರಿನ ಧೂಳು ನಿಧಾನವಾಗಿ ತೇಲುತ್ತಿತ್ತು.

"ಅಕ್ಕ, ಕೈ ಎಂಗೆ ಮುರ್ಕೊಂಡ್ರಿ?"

"ಒಂದು ಚಿಟ್ಟೆಗೋಸ್ಕರ."

ವನಿತಾ ಚಿಟ್ಟೆಯ ಕತೆ ಹೇಳಿದಳು. ಹೊಲದ ಯಜಮಾನ ಎತ್ತಿ ಕೂರಿಸಿದ ಮೇಲೆ ಜೋಡಿಯ ಹತ್ತಿರ ಫೋಟೋ ದುಡ್ಡು ಕೇಳಲು ಮರೆಯಲಿಲ್ಲ ಎಂದಾಗ ದಾನೇಶ್ವರಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಎಡಗೈ ಹೆಬ್ಬೆರಳು ಮಡಿಲಲ್ಲಿ ಮೆಲ್ಲಗೆ ಒತ್ತಿತು. ಆಮೇಲೆ ದಾನೇಶ್ವರಿ ತನ್ನ ಹುಡುಗನ ವಿಷಯ ಹೇಳಿದಳು, ತೀರಿಕೊಂಡ ಅಮ್ಮನ ಓಲೆ ಹಾಕಿಕೊಂಡು ಅದನ್ನು ಬೆರಳಿಂದ ಮುಟ್ಟಿ ನೋಡಿದಳು. ಕರಿಬಸಮ್ಮ ಬಾಗಿಲು ಬಿಟ್ಟು ಬಂದು ಮೊಮ್ಮಗಳ ಗಲ್ಲ ಹಿಡಿದು ನೋಡಿದರು. ಕ್ಯಾಮೆರಾ ಇದೆಯೆಂಬುದು ಕೋಣೆಯಲ್ಲಿ ಯಾರಿಗೂ ನೆನಪಿರಲಿಲ್ಲ. ವನಿತಾಳಿಗೂ ಇರಲಿಲ್ಲ. ಹೆಬ್ಬೆರಳಿಗೆ ಮಾತ್ರ ಇತ್ತು.

ಧಾರೆಯನ್ನು ಚಿಕ್ಕಮಲ್ಲಪ್ಪನವರೇ ತೆಗೆದರು. ಅವರು ಎಲ್ಲಿಯೂ ನುಗ್ಗಲಿಲ್ಲ. ಒಂದು ಜಾಗ ಆರಿಸಿಕೊಂಡು, ಜನ ಸರಿಯುವ ತನಕ ನಿಂತು, ಒಮ್ಮೆ ಒತ್ತಿ ಕೈ ಇಳಿಸುತ್ತಿದ್ದರು. ವನಿತಾಳಿಗೆ ಮಾಡಲು ಕೆಲಸವಿರಲಿಲ್ಲ. ಹೆಂಗಸರ ನಡುವೆ ಕೂತಳು. ಯಾರೋ ಅರಿಶಿನ ಕುಂಕುಮ ಕೊಟ್ಟರು, ಯಾರೋ ತಲೆಗೆ ಹೂ ಮುಡಿಸಿದರು. ವಾಲಗದ ಸದ್ದು ಏರಿದಾಗ ಅಕ್ಷತೆ ಎಸೆಯಲು ಎಡಗೈ ಎತ್ತಿದಳು. ಇಷ್ಟು ಮದುವೆಗಳಿಗೆ ಹೋಗಿ, ಯಾರ ತಲೆಗೂ ತಾನು ಒಂದು ಕಾಳು ಅಕ್ಕಿ ಹಾಕಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು.

ಯಾವಾಗಲೂ ಕೊನೆಯ ಪಂಕ್ತಿಯಲ್ಲಿ, ಪಾತ್ರೆಗಳು ತಳ ಕಂಡ ಮೇಲೆ ಉಣ್ಣುತ್ತಿದ್ದವಳನ್ನು ಕರಿಬಸಮ್ಮ ಕೈ ಹಿಡಿದು ತಂದು ಮೊದಲನೇ ಪಂಕ್ತಿಗೆ ಕೂರಿಸಿದರು. ಎಡಗೈಯಲ್ಲಿ ಉಣ್ಣಬೇಕಲ್ಲ ಎಂದು ಅವಳು ಅಂಜಿದಳು. ಅಜ್ಜಿ ಒಂದು ಚಮಚ ತರಿಸಿ ಎಲೆಯ ಪಕ್ಕ ಇಟ್ಟರು.

ಊಟವಾದ ಮೇಲೆ ಚಪ್ಪರದ ನೆರಳಲ್ಲಿ ಚಿಕ್ಕಮಲ್ಲಪ್ಪ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. ವನಿತಾ ಪಕ್ಕದಲ್ಲಿ ಕೂತಳು.

"ಅಪ್ಪಾಜಿ, ಈ ವಯಸ್ನಲ್ಲಿ ನಂಗೋಸ್ಕರ ನಿಂತ್ಕೊಂಡ್ರಲ್ಲ. ಅರ್ಧನಾದ್ರೂ ಇಸ್ಕೊಳ್ಳಿ."

"ಬಸ್ ಚಾರ್ಜು ಕೊಡು ಸಾಕು."

"ಎಲ್ಲಾರೂ ಅಣ್ತಮ್ಮಂದ್ರು ಅಂತ ಸಂಘ ಮಾಡಿದ್ರಾ?"

ಮುದುಕರು ನಕ್ಕರು. "ಅಣ್ತಮ್ಮಂದ್ರಾ? ಯಾರ್ ಏಳಿದ್ದು? ಒಬ್ಬರ ಗಿರಾಕಿನ ಒಬ್ರು ಎಳ್ಕೊಂಡು ವರ್ಸಗಟ್ಲೆ ಮಾತು ಬುಟ್ಟಿದ್ವು. ಸಂಘ ಅಂದ್ರೆ ದುಡ್ಡೇ ಮಗ, ಸುಳ್ಳು ಯಾಕೆ ಏಳ್ಲಿ. ರೀಲು ಇದ್ದ ಕಾಲ್ದಲ್ಲಿ ಒಬ್ಬೊಬ್ರೇ ಮೈಸೂರ್ಗೆ ಓಗಿ ತಂದ್ರೆ ಒಂದು ರೇಟು, ಎಲ್ಲಾ ಸೇರಿ ಪೆಟ್ಟಿಗೆ ಪೆಟ್ಟಿಗೆ ತರ್ಸಿದ್ರೆ ಇನ್ನೊಂದು ರೇಟು. ಅದ್ಕೇ ಸೇರ್ಕೊಂಡ್ವು. ಆಮೇಲೆ ರೀಲೇ ಒಂಟೋಯ್ತು. ನಂಗೆ ಕಂಪ್ಯೂಟ್ರು ಗೊತ್ತಿಲ್ಲ, ಅಂಗ್ಡಿ ಮುಚ್ಚನ ಅಂತಿದ್ದೆ. ಸಂಘದೋರು ಒಂದು ತಿಂಗ್ಳು ಕೂರ್ಸಿ ಕಲ್ಸಿದ್ರು. ಇವತ್ತೂ ನನ್ ಒಲೆ ಉರೀತಾ ಇರೋದು ಅದ್ರಿಂದ." ಅವರು ಎಲೆಯ ರಸ ಉಗಿದು ಬಂದು ಮತ್ತೆ ಕೂತರು. "ನಾವು ದುಡಿದ್ರೆ ದುಡ್ಡು ಬರೋದು ಎಲ್ಲಾ ಕಡೇನೂ ಅದೆ. ಮಲಗಿದ್ದಾಗ್ಲೂ ನಮ್ಗೋಸ್ಕರ ದುಡಿಯೋ ದುಡ್ಡು ಈ ಸಂಘದ್ದೊಂದೇ. ಬಡ್ಡಿ ಗಿಡ್ಡಿ ಏನಿಲ್ಲ. ಯಾವನಾರ ಮಲಗಿದ್ರೆ ನೀನು ಎದ್ದು ಓಗ್ಬೇಕು, ಅಷ್ಟೇಯ."

ಮಳೆಮೋಡದ ಸಂದಿಯಿಂದ ಬಿಸಿಲು ಬಂದು ಅವರ ವಿಭೂತಿಯ ಮೇಲೆ ಬಿತ್ತು. ಮುದುಕರು ಕೂತಲ್ಲೇ ಕಣ್ಣು ಮುಚ್ಚಿದರು. ಅವರು ಮಾತಾಡಿದ್ದು ನಿಜವೋ ತನ್ನ ಮಾತ್ರೆಯ ಕನಸೋ ಎಂದು ವನಿತಾಳಿಗೆ ಒಂದು ಗಳಿಗೆ ತೋಚಲಿಲ್ಲ.

ಹರವೆಯ ಕಾರ್ಡು ತೆರೆದಾಗ ಅವಳು ಬೆರಗಾದಳು. ಅಲಂಕಾರದ ಕೋಣೆಯ ಚಿತ್ರಗಳಲ್ಲಿ ದಾನೇಶ್ವರಿ ಕ್ಯಾಮೆರಾವನ್ನು ನೋಡುತ್ತಲೇ ಇರಲಿಲ್ಲ. ಅದರ ಪಕ್ಕ, ಸ್ವಲ್ಪ ಕೆಳಗೆ, ಚಾಪೆಯ ಮೇಲಿದ್ದ ವನಿತಾಳನ್ನು ನೋಡುತ್ತಿದ್ದಳು. ನಗುತ್ತಿದ್ದಳು, ಕೇಳುತ್ತಿದ್ದಳು, ಅಮ್ಮನ ಓಲೆಯನ್ನು ಬೆರಳಿಂದ ಮುಟ್ಟಿಕೊಳ್ಳುತ್ತಿದ್ದಳು. ಮರದಂತಹ ಮುಖ ಎಲ್ಲಿಯೂ ಇರಲಿಲ್ಲ. ಆ ಆಲ್ಬಂ ನೋಡಿ ಹರವೆಯ ಆ ಮನೆಯವರು, ಅವರ ನೆಂಟರು, ಮುಂದಿನ ಮದುವೆಗಳಿಗೂ ವನಿತಾಳೇ ಬರಬೇಕೆಂದರು. ಐದನೇ ಮದುವೆಯನ್ನೂ ಸಂಘದವರೇ ತೆಗೆದುಕೊಟ್ಟರು.

ಅಮಾವಾಸ್ಯೆಯ ದಿನ ಮದುವೆಗಳಿರುವುದಿಲ್ಲ. ಸಂಘದ ಸಭೆ ಅವತ್ತೇ. ಭಾದ್ರಪದದ ಅಮಾವಾಸ್ಯೆಗೆ, ಪಟ್ಟಿ ಬಿಚ್ಚಿಸಿಕೊಂಡು ಬೆಳ್ಳಗಾದ ಕೈ ನೋಡಿಕೊಳ್ಳುತ್ತಾ ವನಿತಾ ಚಾಮರಾಜನಗರಕ್ಕೆ ಹೋದಳು. ಸೋಮಶೇಖರನ ಸ್ಟುಡಿಯೋದ ಮಹಡಿ. ಪ್ಲಾಸ್ಟಿಕ್ ಕುರ್ಚಿ, ವಡೆ, ಕಾಫಿ. ಎದ್ದು ನಿಂತು ಎಲ್ಲರಿಗೂ ಕೈಮುಗಿದಳು. ಏನೋ ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತು ಬಾಯಿಗೆ ಬರಲಿಲ್ಲ.

"ಕೂತ್ಕಮ್ಮ, ಆಯ್ತು," ಎಂದ ಸೋಮಶೇಖರ್.

ಶಿವಶಂಕರ ಸುಮ್ಮನಿರಲಿಲ್ಲ. "ನಾನು ಒಂದು ಮಾತು ಏಳ್ತೀನಿ, ಬೇಜಾರ್ ಮಾಡ್ಕಬೇಡಿ. ಇವ್ರು ಸಂಘ ಸೇರಿ ವರ್ಸ ತುಂಬಿತ್ತೋ ಇಲ್ವೋ. ನಾನು ಇಪ್ಪತ್ತು ವರ್ಸದಿಂದ ಚಂದಾ ಕಟ್ತಾ ಇವ್ನಿ. ನನ್ ಸೀಜನ್ನಲ್ಲಿ ಎರಡು ದಿನ ಇವ್ರಿಗೆ ಓಯ್ತು. ಇಷ್ಟು ವರ್ಸ ಆದೋರಿಗೆ ಮಾತ್ರ ಅಂತ ಒಂದು ಲೆಕ್ಕ ಇರ್ಬೇಕೋ ಬ್ಯಾಡ್ವೋ?"

ವನಿತಾಳ ಕಿವಿ ಬಿಸಿಯಾಯಿತು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

"ನೀವು ತೆಗ್ದ ಕೈಗಳ ಫೋಟೋ ಕಣಣ್ಣ," ಎಂದಳು ಮೆಲ್ಲಗೆ. "ಅಂಗೆ ನಂಗೆ ತೆಗಿಯಾಕೆ ಬರಲ್ಲ. ಆ ಮನೆಯೋರು ಅದನ್ನ ನೋಡಿ ಅತ್ತ್‌ಬುಟ್ರು. ನೀವು ಯಾರ ಮದ್ವೆಗೆ ಓಗು ಅಂದ್ರೂ ನಾನು ಓಯ್ತೀನಿ."

ಶಿವಶಂಕರ ವಡೆಯ ಮೇಲೆ ಕಣ್ಣಿಟ್ಟು ಕೂತ. "ಅತ್ರಾ?" ಎಂದು ಕೇಳಿದ.

ಕಾರ್ತಿಕದಲ್ಲಿ ಸೋಮಶೇಖರ್ ಫೋನ್ ಮಾಡಿದ. ಯಳಂದೂರು ಕಡೆಯ ಗುರುಪಾದಸ್ವಾಮಿ ಎಂಬ ಸದಸ್ಯ ಕಾಮಾಲೆಯಾಗಿ ಚಾಮರಾಜನಗರದ ಆಸ್ಪತ್ರೆಯಲ್ಲಿದ್ದಾನೆ, ಸಂತೆಮರಹಳ್ಳಿಯಲ್ಲಿ ಅವನ ಒಂದು ಮದುವೆ ಇದೆ. ವನಿತಾ ಆ ಹೆಸರನ್ನೇ ಕೇಳಿರಲಿಲ್ಲ. ತಾರೀಕು ಮಾತ್ರ ಕೇಳಿಕೊಂಡಳು.

ಹಿಂದಿನ ದಿನವೇ ಚಾಮರಾಜನಗರಕ್ಕೆ ಬಂದು ಉಳಿದಳು. ವಿಡಿಯೋ ತೆಗೆಯಲು ಶಿವಶಂಕರನೂ ಬರಬೇಕಾಗಿತ್ತು. ಬೆಳಗಿನ ಜಾವ ಅವನ ವ್ಯಾನಿನಲ್ಲಿ ಹೊರಟಾಗ ರಸ್ತೆ ಕಾಣದಷ್ಟು ಮಂಜು. ದಾರಿಯುದ್ದಕ್ಕೂ ಅವನು ಡೀಸೆಲ್ ಬೆಲೆಗೆ ಬಯ್ಯುತ್ತಲೇ ಇದ್ದ. ಕಬ್ಬಿನ ಗದ್ದೆಗಳು, ತೆಂಗಿನ ತೋಟಗಳು ಒಂದೊಂದಾಗಿ ಬಿಳುಪಿನಿಂದ ಎದ್ದು ಬಂದು ಮತ್ತೆ ಅದರೊಳಗೇ ಮುಳುಗುತ್ತಿದ್ದವು. ಮಂಟಪದ ಮುಂದೆ ಇಳಿದಾಗ ವಾಲಗದವರ ಉಸಿರು ಹೊಗೆಯಾಗಿ ಕಾಣುತ್ತಿತ್ತು.

"ಗುರುಪಾದಸ್ವಾಮಿ ಎಲ್ಲಿ?" ಎಂದು ಹೆಣ್ಣಿನ ತಂದೆ ಕೇಳಿದರು.

"ಅವ್ರ ಕಡೆಯಿಂದ್ಲೇ ಬಂದಿವ್ನಿ," ಎಂದಳು ವನಿತಾ.

ಬಲಗೈ ಇನ್ನೂ ಬೇಗ ದಣಿಯುತ್ತಿತ್ತು. ಧಾರೆಯ ಹೊತ್ತಿಗೆ ಬೆರಳು ನಡುಗತೊಡಗಿದಾಗ, ಶಿವಶಂಕರ ತನ್ನ ವಿಡಿಯೋ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ ಬಂದು, ಅವಳ ಕ್ಯಾಮೆರಾದ ಅಡಿಗೆ ಅಂಗೈ ಕೊಟ್ಟು ನಿಂತ. ತಾಳಿ ಕಟ್ಟುವ ತನಕ ಹಾಗೇ ನಿಂತಿದ್ದ.

ಮಧ್ಯಾಹ್ನ ಆಸ್ಪತ್ರೆಗೆ ಹೋದರು. ಶಿವಶಂಕರ ವ್ಯಾನ್ ನಿಲ್ಲಿಸಲು ಜಾಗ ಹುಡುಕಿಕೊಂಡು ಹೋದ. ವಾರ್ಡಿನ ಕಿಟಕಿ ಪಕ್ಕದ ಮಂಚದ ಮೇಲೆ ಗುರುಪಾದಸ್ವಾಮಿ ಮಲಗಿದ್ದ. ನಲವತ್ತರ ಆಸುಪಾಸು, ಕೂದಲು ಕೆದರಿದೆ, ಕಣ್ಣಿನ ಬಿಳಿ ಭಾಗ ಚೆಂಡುಹೂವಿನ ಬಣ್ಣಕ್ಕೆ ತಿರುಗಿದೆ. ಹೆಂಡತಿ ಶಿವಮ್ಮ ಕಬ್ಬಿನ ಹಾಲಿನ ಲೋಟ ಹಿಡಿದು ಕೂತಿದ್ದಳು. ವನಿತಾ ಯಾರೆಂದು ತಿಳಿದ ಕೂಡಲೇ ಎದ್ದು ಸ್ಟೂಲು ಬಿಟ್ಟುಕೊಟ್ಟಳು.

"ಬಾಕಿ ದುಡ್ಡು ನಿಮ್ ನಂಬರ್ಗೇ ಆಕ್ತಾರೆ," ಎಂದಳು ವನಿತಾ, ಮೆಮೊರಿ ಕಾರ್ಡಿನ ಡಬ್ಬಿಯನ್ನು ಶಿವಮ್ಮನ ಕೈಗೆ ಕೊಡುತ್ತಾ. "ಆಲ್ಬಂ ಮ್ಯಾಲೆ ನಿಮ್ ಸ್ಟುಡಿಯೋ ಎಸ್ರೇ ಬರ್ಲಿ."

ಶಿವಮ್ಮ ಡಬ್ಬಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ನಲ್ಲಿಯಲ್ಲಿ ಲೋಟ ತೊಳೆಯುವ ನೆಪ ಮಾಡಿ ಆಚೆ ಹೋದಳು.

ಗುರುಪಾದಸ್ವಾಮಿ ತಲೆ ಹೊರಳಿಸಿದ. "ಆ ಮನೆಯೋರು ನಮ್ಗೆ ಬಾಳ ಬೇಕಾದೋರು. ಮುಂದೆ ಸಿಕ್ಕಿದಾಗ ಮದ್ವೆ ವಿಸ್ಯ ಎತ್ತಾರೆ. ನಾನು ಬೆಪ್ಪನಂಗೆ ನಿಂತ್ಕಬೇಕಾಯ್ತದೆ." ಅವನ ದನಿ ಬಹಳ ಸಣ್ಣಗಿತ್ತು. "ಎಂಗೆ ನಡೀತು, ಒಸಿ ಏಳವ್ವ."

ವನಿತಾ ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡಳು.

"ನಾವು ಓದಾಗ ಮಂಜು," ಎಂದು ಶುರು ಮಾಡಿದಳು. "ಮಂಟಪಾನೇ ಕಾಣ್ತಿರ್ಲಿಲ್ಲ. ವಾಲಗ ಮಾತ್ರ ಕೇಳ್ತಿತ್ತು. ಎಣ್ಣಿನ ತಂದೆ ಬಾಗ್ಲಲ್ಲೇ ನಿಂತು ನಿಮ್ಮನ್ನೇ ಕೇಳ್ತಿದ್ರು..."

ಗುರುಪಾದಸ್ವಾಮಿ ಕಣ್ಣು ಮುಚ್ಚಿದ. ಅವನ ತುಟಿಯ ಮೂಲೆಯಲ್ಲಿ ಸಣ್ಣ ನಗು ಇತ್ತು. ಕೇಳುತ್ತಿದ್ದಾನೋ ನಿದ್ದೆ ಹೋದನೋ ತಿಳಿಯಲಿಲ್ಲ. ವನಿತಾ ನಿಲ್ಲಿಸಲಿಲ್ಲ. ಗಂಡಿನ ತಾಯಿ ಉಟ್ಟಿದ್ದ ಸೀರೆಯ ಬಣ್ಣ, ಹಸೆಮಣೆಯ ಮೇಲೆ ಕೂತ ಹುಡುಗನಿಗೆ ಬಂದ ಸೀನು, ಮಂಜು ಸರಿದು ಒಮ್ಮೆಗೇ ಬಿಸಿಲು ಬಿದ್ದಾಗ ಅಕ್ಷತೆ ಹೊಳೆದದ್ದು, ಎಲ್ಲವನ್ನೂ ಒಂದೊಂದಾಗಿ, ಮೆಲ್ಲಗೆ, ಅವನ ಕಿವಿಯ ಹತ್ತಿರ ಹೇಳುತ್ತಾ ಹೋದಳು.